ತಂಗಿಯ ಮನೆಯ ನೀರು

ಯಾರ ಮನೆಗೆ ಹೋದರೂ, ಕೊಟ್ಟ ನೀರನ್ನು ಬಾಯಿಗಿಡುವ ಮುನ್ನ ಅದು ಎಲ್ಲಿಯದೆಂದು ಕೇಳುವುದು ಮಾರ್ತಾಂಡರ ಹುಟ್ಟುಗುಣ. ಮದುವೆಯ ಪಂಕ್ತಿಯಲ್ಲೂ ಕೇಳುವರು, ಸಾವಿನ ಮನೆಯಲ್ಲೂ ಕೇಳುವರು. ನೀರು ಪರೀಕ್ಷಿಸುವ ನೌಕರಿಯಿಂದ ನಿವೃತ್ತರಾಗಿ ಬೆಳಗಾವಿಯ ನೆಹರು ನಗರದಲ್ಲಿ ಒಂಟಿಯಾಗಿ ಬಾಳುವ ಈ ಮನುಷ್ಯ, ರವಿವಾರ ಬಂತೆಂದರೆ ಖಾಕಿ ಕೋಟು ತೊಟ್ಟು ಖಾನಾಪುರದ ಬಸ್ಸು ಹತ್ತುತ್ತಾರೆ; ಹಳ್ಳದ ದಂಡೆಯಲ್ಲಿ ಪ್ಯಾಂಟನ್ನು ಮೊಣಕಾಲಿಗೇರಿಸಿ, ಕೊಕ್ಕರೆಯಂತೆ ಕಾಲೆತ್ತಿಡುತ್ತ, ಮಣ್ಣು ಕೊಚ್ಚಿಹೋಗದಂತೆ ಲಾವಂಚದ ಹುಲ್ಲು ನೆಡುತ್ತಾರೆ. ದಂಡೆಯ ಅಂಚಿನವರೆಗೆ ಉಳಬೇಡಿ, ಒಂದಿಷ್ಟು ನೆಲ ಹುಲ್ಲಿಗೆ ಬಿಡಿ ಎಂದು ಸಿಕ್ಕಸಿಕ್ಕವರ ತಲೆ ತಿನ್ನುವುದರಿಂದ, ಆ ಕೋಟು ಕಂಡೊಡನೆ ಜನ ದಾರಿ ಬದಲಿಸುತ್ತಾರೆ.

ಅದೇ ಹಳ್ಳದ ಆಚೆ ದಂಡೆಯಲ್ಲಿ ತಂಗಿ ಗಂಗೂಬಾಯಿಯ ಹೊಲಮನೆ. ಅವಳ ಎಮ್ಮೆಯ ಕೊಟ್ಟಿಗೆ ತೊಳೆದ ನೀರು ನೇರ ಹಳ್ಳಕ್ಕಿಳಿಯುತ್ತಿತ್ತು, ದಂಡೆಯ ಮೇಲಿನ ಅವಳ ಬಾವಿಗೂ ಬಸಿಯುತ್ತಿತ್ತು. ಕೆಳಗಿನ ಊರಿಗೆ ಕುಡಿಯಲು ಆ ಹಳ್ಳವೇ ಗತಿ. ಕಳೆದ ದೀಪಾವಳಿಯಲ್ಲಿ, ಅಣ್ಣ-ತಮ್ಮಂದಿರಿಗೆ ಆರತಿ ಎತ್ತುವ ಭಾವುಬೀಜಕ್ಕೆ ಅಣ್ಣ ಬಂದಾಗ ತಂಗಿ ಬೆಲ್ಲ-ನೀರು ಇಟ್ಟಳು. ಇವರು ಎಂದಿನಂತೆ ಕೇಳಿದರು. ಬಾವಿಯದು ನಾರುತ್ತದೆ, ನಿನಗೆಂದೇ ಕ್ಯಾನಿನ ನೀರು ತರಿಸಿದೆ ಎಂದು ಆಕೆ ಹೆಮ್ಮೆಯಿಂದ ಹೇಳಿದಳು. ಮಾರ್ತಾಂಡರು ಲೋಟ ಕೆಳಗಿಟ್ಟರು.

"ನೀ ಬ್ಯಾಡಂದ ನೀರನ್ನ ಕೆಳಗಿನ ಮಂದಿ ಕುಡೀಬೇಕೇನು ಗಂಗೂ? ಇದು ನನ್ನ ಗಂಟಲದಾಗ ಇಳಿಯಂಗಿಲ್ಲ."

ಆರತಿ ತಟ್ಟೆ ಹಿಡಿದು ನಿಂತಿದ್ದ ಆಕೆ ಮೆಲ್ಲಗೆ ಅಂದಳು: "ಹಂಗಾರ ಇನ್ನ ಈ ಮನಿಗೆ ಬರಬ್ಯಾಡ, ದಾದಾ."

ಒಬ್ಬರ ಮನೆಯ ನೀರು ಬೇಡವೆಂದರೆ ಸಂಬಂಧವನ್ನೇ ಬೇಡವೆಂದಂತೆ ಎಂಬುದು, ನೀರಿನ ವಿಷಯ ಅಷ್ಟೆಲ್ಲ ಬಲ್ಲ ಅವರಿಗೆ ಹೊಳೆದಾಗ ಬಸ್ಸು ಊರು ದಾಟಿತ್ತು. ನಾಗರಪಂಚಮಿಗೆ ಆಕೆ ತವರಿಗೆ ಬರಲಿಲ್ಲ. ತವರೆಂದು ಉಳಿದವರು ಇವರೊಬ್ಬರೇ; ತಂದಿಟ್ಟ ಸೀರೆ ಮಡಿಕೆ ಬಿಚ್ಚದೆ ಉಳಿಯಿತು. ಮನೆ ತುಂಬ ಬಿಕೋ ಎನ್ನುತ್ತಿತ್ತು.

ಈ ಭಾವುಬೀಜಕ್ಕೆ ಕರೆಯಿರಲಿಲ್ಲ. ಆದರೂ ಕೋಟು ಒಗೆದು ತೊಟ್ಟು ಈಚೆ ದಂಡೆಯಲ್ಲಿ ಹೋಗಿ ಕುಳಿತರು. ಆಚೆ, ಕೊಟ್ಟಿಗೆಯ ನೀರು ಹಳ್ಳ ಬಿಟ್ಟು ತಿಪ್ಪೆಗುಂಡಿಯತ್ತ ತಿರುಗಿತ್ತು. ದಂಡೆಗುಂಟ ಉಳದೆ ಬಿಟ್ಟ ನೆಲದಲ್ಲಿ ಹುಲ್ಲು ಎದ್ದಿತ್ತು. ಗಂಗೂಬಾಯಿ ಇಳಿದು ಬಂದು, ಹಳ್ಳದ ನಡುವಿನ ಬಂಡೆಯ ಮೇಲೆ ತಂಬಿಗೆಯಿಟ್ಟಳು.

"ಬಾವೀದ ಐತಿ, ಕುಡಿ."

ಅಷ್ಟೇ ಹೇಳಿ, ತಿರುಗಿ ನೋಡದೆ ಹೋದಳು. ಮಾರ್ತಾಂಡರು ಬಂಡೆಯವರೆಗೆ ನಡೆದು, ಈ ಸಲ ಏನೂ ಕೇಳದೆ ಗಟಗಟ ಕುಡಿದರು. ತಂಬಿಗೆ ತೊಳೆದು ಅಲ್ಲೇ ಬೋರಲಿಟ್ಟು, ಕರೆಯಬಹುದೆಂದು ಬಿಸಿಲಿಳಿಯುವವರೆಗೂ ಕಾದರು. ಕರೆಯಲಿಲ್ಲ.

ಇಂಥವರು ಊರಿಗೊಬ್ಬರು ಇರುತ್ತಾರೆ. ಮುಖ ಕಾಣದವರಿಗಾಗಿ ಒಡಹುಟ್ಟಿದವರ ಮುಖ ಮುರಿಯುತ್ತಾರೆ. ಗೆದ್ದ ದಿನವೂ ಅವರ ಪಾಲಿಗೆ ಸಿಗುವುದು ನೀರೇ ಹೊರತು ನೀರು ಕೊಡುವ ಕೈಯಲ್ಲ. ಕೆಳಗಿನ ಊರಿನವರು ಕೊಡ ತುಂಬಿಕೊಂಡು ಹೋಗುತ್ತಾರೆ. ಈ ನೀರು ಹೇಗೆ ತಿಳಿಯಾಯಿತೆಂದು ಕೇಳುವ ಹುಟ್ಟುಗುಣ ಎಲ್ಲರಿಗೂ ಇರುವುದಿಲ್ಲ.