ಅಚ್ಚಿನೊಳಗಿನ ಸದ್ದು

ನನ್ನ ಗಂಡನ ಅಕ್ಕ ಸುರುಳಿ ಮಾಡುವುದನ್ನು ಕಣ್ಣಾರೆ ನೋಡದವರಿಗೆ ನಾನು ಎಷ್ಟು ಹೇಳಿದರೂ ಉತ್ಪ್ರೇಕ್ಷೆ ಅನ್ನಿಸುತ್ತದೆ. ಅನ್ನಿಸಲಿ, ನಾನಂತೂ ಹೇಳುವವಳೇ. ಮದುವೆಯಾಗಿ ಬಂದಾಗಿನಿಂದ ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಬೇರೆ ಮನೆಗಳಲ್ಲಿ ಗಂಡನ ಅಕ್ಕನಿಂದ ಜಗಳ ಹುಟ್ಟುತ್ತದಂತೆ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ನಾನೊಬ್ಬಳೇ ಸಾಕು, ಅಕ್ಕನಿಗೆ ಅದರಲ್ಲಿ ಪಾಲು ಸಿಕ್ಕಿಲ್ಲ.

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ, ಹಿಂದಿನದು ಅಡುಗೆಕೋಣೆ. ಮುಂದೆ ಗಲ್ಲಾದ ಹತ್ತಿರ ನಾನು, ಹಿಂದೆ ಒಲೆಯ ಹತ್ತಿರ ಅಕ್ಕ. ಸಾಮಾನು ತರುವುದು, ಡಬ್ಬ ತಲುಪಿಸುವುದು ನಮ್ಮ ಯಜಮಾನರ ಪಾಲಿಗೆ. ನಾವು ಮಾರುವುದು ಒಂದೇ ಪದಾರ್ಥ, ಕೆನೆ ತುಂಬಿದ ಸುರುಳಿ.

ಮೈದಾ, ಬೆಣ್ಣೆ, ಮೊಟ್ಟೆ, ಸಕ್ಕರೆ, ಹಾಲು, ಸ್ವಲ್ಪ ಏಲಕ್ಕಿ ಸೇರಿಸಿ ಕಲಸಿದ ತೆಳ್ಳನೆಯ ಹಿಟ್ಟು. ಪುಸ್ತಕದ ಹಾಗೆ ತೆರೆದು ಮುಚ್ಚುವ ಕಬ್ಬಿಣದ ಅಚ್ಚು, ಅದಕ್ಕೆ ಉದ್ದನೆಯ ಹಿಡಿ, ಒಳಮೈಯಲ್ಲಿ ಕೆತ್ತಿದ ಹೂಬಳ್ಳಿ. ಒಂದು ಚಮಚ ಹಿಟ್ಟು ಹಾಕಿ ಮುಚ್ಚಿ ಬೆಂಕಿಗೆ ಹಿಡಿಯಬೇಕು, ತಿರುವಿ ಹಾಕಬೇಕು, ಬೆಂದ ಹಾಳೆಯನ್ನು ಕಿತ್ತು ಮರದ ಕೋಲಿಗೆ ಸುತ್ತಬೇಕು. ಅಚ್ಚಿನಿಂದ ಬಂದಾಗ ಅದು ಒದ್ದೆ ಬಟ್ಟೆಯಷ್ಟು ಮೆತ್ತಗಿರುತ್ತದೆ, ನೀವು ಒಮ್ಮೆ ಉಸಿರು ಬಿಡುವಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ. ಆರಿದ ಮೇಲೆ ಕೋಲಿನಿಂದ ಜಾರಿಸಿ, ಗಿರಾಕಿ ಬಂದು ಕೇಳಿದಾಗಲೇ ಎರಡೂ ತುದಿಯಿಂದ ಕೆನೆ ತುಂಬಬೇಕು. ಮೊದಲೇ ತುಂಬಿಟ್ಟರೆ ಮೆತ್ತಗಾಗಿ ಮುಖ ಸಪ್ಪೆ ಮಾಡಿಕೊಂಡು ಕೂರುತ್ತವೆ.

ಹೇಳುವುದಕ್ಕೆ ಇಷ್ಟೇ. ನಾನು ಸುತ್ತಿದರೆ ಒಡೆದ ಹೆಂಚಿನ ಚೂರುಗಳಾಗುತ್ತವೆ. ಅಕ್ಕ ಸುತ್ತಿದರೆ ಅಂಚಿಗೆ ಅಂಚು ಕೂಡಿ, ಹೂಬಳ್ಳಿ ಸರಿಯಾಗಿ ಹೊರಮೈಗೆ ಬಂದು, ಎಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ಕೂರುತ್ತವೆ. ಎರಡು ಅಚ್ಚು ಏಕಕಾಲಕ್ಕೆ ಒಲೆಯ ಮೇಲಿರುತ್ತವೆ. ಒಂದನ್ನು ತೆರೆಯುವಾಗ ಇನ್ನೊಂದು ಬೇಯುತ್ತಿರುತ್ತದೆ. ಬಿಸಿ ಹಾಳೆಯನ್ನು ಬರಿಗೈಯಲ್ಲಿ ಎತ್ತುವಾಗಲೂ ಅವರ ಮುಖದಲ್ಲಿ ಒಂದು ಗೆರೆ ಕದಲುವುದಿಲ್ಲ. ಎಷ್ಟೋ ಸಲ ನಾನು ಗಿರಾಕಿಯನ್ನು ಮುಂದೆ ನಿಲ್ಲಿಸಿ, ಏನೋ ತರುವವಳ ಹಾಗೆ ಒಳಗೆ ಹೋಗಿ, ಆ ಕೈಗಳನ್ನೇ ನೋಡುತ್ತ ನಿಂತುಬಿಟ್ಟಿದ್ದೇನೆ.

ಈ ಕೆಲಸದಲ್ಲಿ ಒಂದು ತೊಡಕಿದೆ. ಬೆಂದಿದೆಯೋ ಇಲ್ಲವೋ ಎಂದು ಇಣುಕಿ ನೋಡುವ ಹಾಗಿಲ್ಲ. ಬೇಯುವ ಮುಂಚೆ ಅಚ್ಚು ತೆರೆದರೆ ಹಾಳೆ ಎರಡಾಗಿ ಸೀಳಿ ಅರ್ಧ ಮೇಲೆ, ಅರ್ಧ ಕೆಳಗೆ ಅಂಟಿಕೊಳ್ಳುತ್ತದೆ. ತಡವಾಯಿತೋ, ಕಪ್ಪು. ಗಡಿಯಾರ ನೋಡಿ ಮಾಡುವುದಕ್ಕೂ ಆಗದು. ಬೆಳಿಗ್ಗೆ ಅಚ್ಚು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಹೊತ್ತೇರಿದಂತೆ ಕಾದು ಕೆಂಡವಾಗಿರುತ್ತದೆ. ಹಾಗಾಗಿ ಅಕ್ಕನಿಗೆ ಎಲ್ಲವೂ ಮೂಗಿನಲ್ಲೇ. ಒಲೆಗೆ ಬೆನ್ನು ಹಾಕಿ ನನ್ನ ಜೊತೆ ಮಾತಾಡುತ್ತಿದ್ದರೂ, ಮಾತಿನ ನಡುವೆ ತಟ್ಟನೆ ತಿರುಗಿ ಅಚ್ಚು ತೆರೆಯುತ್ತಿದ್ದರು. ಹೊನ್ನಿನ ಬಣ್ಣದ ಹಾಳೆ ಬಂದುಬಿಡುತ್ತಿತ್ತು.

ಆ ಮೂಗೇ ಹೋಯಿತು.

ಅಕ್ಕ ಕೆಟ್ಟ ಜ್ವರ, ನೆಗಡಿ ಎಂದು ಮಲಗಿ ಎದ್ದಿದ್ದರು. ಎದ್ದ ಮೇಲೆ ಮಾಡಿದ ಸುರುಳಿಗಳಲ್ಲಿ ಕಪ್ಪಾದದ್ದೇ ಹೆಚ್ಚು. ಸುಸ್ತಿರಬೇಕು ಅಂದುಕೊಂಡೆ. ಒಂದು ಮಧ್ಯಾಹ್ನ ಸೀದ ವಾಸನೆ ಬಂದು ಒಳಗೆ ಓಡಿದರೆ, ಹಾಲಿನ ಪಾತ್ರೆ ತಳ ಹಿಡಿದು ಹೊಗೆಯಾಡುತ್ತಿದೆ, ಅಕ್ಕ ಪಕ್ಕದಲ್ಲೇ ನಿಂತು ನಿಶ್ಚಿಂತೆಯಿಂದ ಮೈದಾ ಜರಡಿ ಹಿಡಿಯುತ್ತಿದ್ದಾರೆ. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವರು ಒಲೆ ಆರಿಸಿ, ಮೈದಾ ಡಬ್ಬದ ಮೇಲೆ ಕುಳಿತರು.

"ನಂಗೆ ವಾಸನೆ ಬರ್ತಿಲ್ಲ ಕಣೇ," ಅಂದರು. "ಏನೂ ಬರ್ತಿಲ್ಲ. ಜ್ವರ ಬಿಟ್ಟಾಗಿಂದ."

ಇಷ್ಟು ದಿನ ಅಂದಾಜಿನ ಮೇಲೆ ಅಚ್ಚು ತೆರೆಯುತ್ತಿದ್ದರಂತೆ. ಡಾಕ್ಟರಿಗೆ ತೋರಿಸಿದ್ದೂ ಆಗಿತ್ತಂತೆ, ಬಂದರೆ ಬರಬಹುದು, ಬಾರದೆಯೂ ಇರಬಹುದು ಎಂದರಂತೆ. ನಿಮ್ಮ ತಮ್ಮನಿಗೆ ಹೇಳೋಣ ಎಂದದ್ದಕ್ಕೆ ಅಕ್ಕ ನನ್ನ ಕೈ ಹಿಡಿದುಕೊಂಡರು.

"ಅವನಿಗೆ ಹೇಳ್ಬೇಡ. ಅವನದು ಒಳ್ಳೇ ಮನಸ್ಸು. ನನ್ನ ಕೂರಿಸಿ ಊಟ ಹಾಕ್ತಾನೆ. ಅದು ನಂಗೆ ಬೇಡ. ಈ ಒಲೆ ಮುಂದೆ ನಿಂತಿದ್ರೇನೇ ನಾನು ನಾನು."

ಆಣೆ ಹಾಕಿದ ಹಾಗೆ ಮಾತು ಕೊಟ್ಟೆ. ಮಾರನೆಯ ದಿನದಿಂದ ನನ್ನ ಮೂಗನ್ನೇ ಎರವಲು ಕೊಡುವುದೆಂದಾಯಿತು. ನಾನು ಒಲೆಯ ಪಕ್ಕ ನಿಂತು ಮೂಸಿ, "ಈಗ" ಎನ್ನಬೇಕು, ಅಕ್ಕ ತೆರೆಯಬೇಕು. ದೇವರು ನನಗೆ ಮೂಗು ಕೊಟ್ಟದ್ದು ತುದಿಯಲ್ಲಿ ಸಿಟ್ಟು ಇಟ್ಟುಕೊಳ್ಳುವುದಕ್ಕೆ ಮಾತ್ರ ಎಂದು ಅವತ್ತು ಖಾತ್ರಿಯಾಯಿತು. ನಾನು "ಈಗ" ಎಂದಾಗ ಒಮ್ಮೆ ಹಸಿ, ಒಮ್ಮೆ ಇದ್ದಿಲು. ಅಚ್ಚು ಕೆರೆದು ಕೆರೆದು ಅಕ್ಕನ ಮಣಿಕಟ್ಟು ಊದಿತು. ಆದರೂ ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು.

ಕಪ್ಪು ಸುರುಳಿಗಳು ಯಜಮಾನರ ಕಣ್ಣಿಗೆ ಬೀಳದೆ ಇರುತ್ತವೆಯೇ? ಅಕ್ಕನಿಗೆ ವಯಸ್ಸಾಯಿತು, ಇನ್ನು ಬೆಂಕಿಯ ಮುಂದೆ ನಿಲ್ಲಿಸುವುದು ಪಾಪ ಎಂದು ಅವರೇ ತೀರ್ಮಾನಿಸಿ, ಎಲ್ಲಿಂದಲೋ ಒಂದು ಯಂತ್ರದ ಬಣ್ಣದ ಚಿತ್ರ ತಂದರು. ಅದೇ ಹಿಟ್ಟು ಸುರಿಯುತ್ತದಂತೆ, ಅದೇ ಬೇಯಿಸುತ್ತದಂತೆ, ಅದೇ ಸುತ್ತಿ ಗಂಟೆ ಬಾರಿಸುತ್ತದಂತೆ. ಶನಿವಾರ ಹಲ್ಲಿನ ಡಾಕ್ಟರ ತಾಯಿಯ ಹುಟ್ಟುಹಬ್ಬಕ್ಕೆ ದೊಡ್ಡ ಆರ್ಡರ್ ಇತ್ತು. ಉಳಿದಿರುವ ನಾಲ್ಕು ಹಲ್ಲಿಗೆ ಹಿಡಿಸುವ ಗರಿಗರಿ ತಿಂಡಿ ಇದೊಂದೇ ಎಂದು ಆ ಅಜ್ಜಿ ಹಟ ಹಿಡಿದಿದ್ದರಂತೆ, ಅಕ್ಕನ ಕೈಯದ್ದೇ ಆಗಬೇಕಂತೆ. ಆ ಆರ್ಡರ್ ಚೆನ್ನಾಗಿ ಬಂದರೆ ನೋಡೋಣ, ಇಲ್ಲದಿದ್ದರೆ ಸೋಮವಾರ ಯಂತ್ರ ಬರಲಿ, ಈ ಹಳೆಯ ಅಚ್ಚುಗಳನ್ನು ಗುಜರಿಗೆ ಹಾಕೋಣ ಎಂದರು ಯಜಮಾನರು.

ಗುಜರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನ ಎದುರೇ ಜಗಳ ಶುರುವಾಯಿತು. ನಿಮಗೇನು ಗೊತ್ತು, ಅವರ ಕಷ್ಟ ನಿಮಗೇನು ಗೊತ್ತು ಎಂದು ಏರಿದ ದನಿಯಲ್ಲಿ ಹೇಳುತ್ತ ಹೇಳುತ್ತ, ವಾಸನೆಯ ವಿಷಯ ನಾಲಿಗೆಯ ತುದಿಗೇ ಬಂದುಬಿಟ್ಟಿತು. ಅಕ್ಕ ನನ್ನನ್ನೇ ನೋಡುತ್ತಿದ್ದರು. ಇನ್ನೊಂದು ಮಾತು ಆಡಿದರೆ ಗುಟ್ಟು ರಟ್ಟು. ಗಕ್ಕನೆ ಬಾಯಿ ಮುಚ್ಚಿದೆ. ಮುಚ್ಚಿದ್ದು ತೆರೆಯಲೇ ಇಲ್ಲ. ಯಜಮಾನರು ಕೇಳಿದ್ದಕ್ಕೂ ಇಲ್ಲ, ಊಟಕ್ಕೆ ಕರೆದದ್ದಕ್ಕೂ ಇಲ್ಲ. ತೆರೆದರೆ ಏನು ಹೊರಗೆ ಬರುತ್ತದೋ ಎಂಬ ಭಯ ನನಗೇ ಇತ್ತು.

ಮಾರನೆಯ ಬೆಳಿಗ್ಗೆಯೂ ನಾನು ಮೂಗಿ. ಒಲೆಯ ಪಕ್ಕ ನಿಂತು ಕೈಸನ್ನೆಯಲ್ಲೇ "ಈಗ" ಎನ್ನುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ತಲೆಯ ಮೇಲಿನ ಫ್ಯಾನು, ಹೊಗೆ ಎಳೆಯುವ ಫ್ಯಾನು, ಗೊರಗುಡುತ್ತಿದ್ದ ಫ್ರಿಜ್ಜು, ಪಕ್ಕದ ದರ್ಜಿಯ ಮಷೀನು, ಎಲ್ಲವೂ ಒಟ್ಟಿಗೆ ನಿಂತವು. ನನ್ನ ಬಾಯಂತೂ ಮೊದಲೇ ನಿಂತಿತ್ತು. ಕೋಣೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ.

ನಾನು ಸನ್ನೆ ಮಾಡಿದೆ. ಅಕ್ಕ ತೆರೆಯಲಿಲ್ಲ. ಮತ್ತೆ ಕೈಯಾಡಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ತಲೆಯನ್ನು ಒಂದು ಕಡೆಗೆ ವಾಲಿಸಿ, ಕಿವಿಯನ್ನು ಅಚ್ಚಿನ ಹತ್ತಿರ ತಂದಿದ್ದರು. ಆಮೇಲೆ ಥಟ್ಟನೆ ತೆರೆದರು.

ಹೊನ್ನಿನ ಬಣ್ಣ. ಅಂಚಿನವರೆಗೂ ಒಂದೇ ಸಮ.

ಅಕ್ಕ ಅದನ್ನು ಸುತ್ತುವುದನ್ನೇ ಮರೆತು ನಿಂತರು. ಹಾಳೆ ಅಚ್ಚಿನ ಮೇಲೇ ಗಟ್ಟಿಯಾಯಿತು. ಎರಡನೆಯದನ್ನು ಹಾಕಿ ಮತ್ತೆ ಕಿವಿಗೊಟ್ಟರು. ಅದೂ ಹಾಗೇ ಬಂತು. ನಾನು ಸಿಟ್ಟು, ಮೌನ ಎಲ್ಲ ಮರೆತು ಕೂಗಿಕೊಳ್ಳುವುದರಲ್ಲಿದ್ದೆ, ಅಕ್ಕ ಬೆರಳು ತುಟಿಗಿಟ್ಟು ತಡೆದರು.

"ಸದ್ದು ಬರುತ್ತೆ ಕಣೇ. ಮೊದ್ಲು ಚುಂಯ್ ಅನ್ನುತ್ತೆ, ನೀರಿನಂಶ ಹೋಗೋವರೆಗೆ. ಆಮೇಲೆ ಚಿಟಿಚಿಟಿ. ಅದೂ ಸಣ್ಣದಾಗ್ತಾ ಬಂದು ನಿಲ್ಲುತ್ತೆ. ನಿಂತಾಗ ಆಗಿರುತ್ತೆ. ಇಷ್ಟು ವರ್ಷ ಇತ್ತು ಈ ಸದ್ದು. ನಾನು ಕೇಳೇ ಇರಲಿಲ್ಲ."

ಯಾಕೆ ಕೇಳಿರಲಿಲ್ಲ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟು ವರ್ಷ ಆ ಕೋಣೆಯಲ್ಲಿ ಎಡೆಬಿಡದೆ ವಟಗುಟ್ಟುತ್ತಿದ್ದವಳು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಬೆಳಕು ಹರಿಯುತ್ತಲೇ ಫ್ಯಾನು, ಫ್ರಿಜ್ಜು ಎಲ್ಲ ಆರಿಸಿದೆ. ದರ್ಜಿಯ ಮನೆಗೆ ಹೋಗಿ ಒಂದು ಹೊತ್ತು ಕತ್ತರಿ ಕೆಲಸ ಮಾತ್ರ ಮಾಡಿಕೊಳ್ಳಪ್ಪಾ ಎಂದು ಕೈಮುಗಿದು ಬಂದೆ. ಆಮೇಲೆ ಬಾಯಿಗೆ ಬೀಗ. ಅಕ್ಕ ಬೆವರು ಸುರಿಸುತ್ತ, ಬಾಗಿ ಕಿವಿಗೊಟ್ಟು, ಒಂದಾದ ಮೇಲೊಂದು ಹಾಳೆ ತೆಗೆದು ಸುತ್ತುತ್ತ ಹೋದರು. ಎರಡು ಅಚ್ಚಿನ ಸದ್ದು ಒಂದರೊಳಗೊಂದು ಬೆರೆಯುತ್ತದೆಂದು ಆರಂಭದಲ್ಲಿ ಒಂದೇ ಅಚ್ಚು ಹಿಡಿದಿದ್ದರು. ಹೊತ್ತೇರುವ ಹೊತ್ತಿಗೆ ಎರಡನೆಯದನ್ನೂ ಒಲೆಗೇರಿಸಿದರು. ಇದು ಈ ಅಚ್ಚಿನದು, ಅದು ಆ ಅಚ್ಚಿನದು ಎಂದು ಅವರ ಕಿವಿ ಬೇರ್ಪಡಿಸುತ್ತಿತ್ತು. ಈ ವಯಸ್ಸಿನಲ್ಲಿ, ಮೂಗಿಗೆ ಕಲಿಸಿದ್ದನ್ನೆಲ್ಲ ಹೊಸದಾಗಿ ಕಿವಿಗೆ ಕಲಿಸಿದರಲ್ಲ! ನನ್ನ ಕಣ್ಣಲ್ಲಿ ನೀರು ಬಂತು. ಮೂಗು ಏರಿಸುವ ಸದ್ದಾದೀತೆಂದು ಸೆರಗಿನಲ್ಲೇ ಒರೆಸಿಕೊಂಡೆ.

ಗಿರಾಕಿಗಳಿಗೆ ಸನ್ನೆಯಲ್ಲೇ ಉತ್ತರ. ಯಜಮಾನರು ಬಂದು, ಇಷ್ಟು ವರ್ಷ ನಾನು ಕೇಳಿಕೊಂಡರೂ ಸಿಗದ ಭಾಗ್ಯ ಇವತ್ತು ಸಿಕ್ಕಿತಲ್ಲ ಎಂದು ಕಿಚಾಯಿಸಿದರು. ಸೌಟು ತೋರಿಸಿದೆ, ಹೊರಗೆ ಹೋದರು. ಕೊನೆಯ ಸಾಲು ಬೇಯುತ್ತಿರುವಾಗ ಹಲ್ಲಿನ ಡಾಕ್ಟರು ಬಂದರು. ಅವರದು ಮೊದಲೇ ದೊಡ್ಡ ಗಂಟಲು. ಬಾಗಿಲಲ್ಲೇ ಏನೋ ಜೋರಾಗಿ ಹೇಳಹೊರಟವರ ಬಾಯಿಯನ್ನು ನಾನು ಹಿಂದುಮುಂದು ನೋಡದೆ ಕೈಯಿಂದ ಮುಚ್ಚಿದೆ. ಕಂಡಕಂಡವರ ಬಾಯಿ ತೆರೆಸುವ ಮನುಷ್ಯನ ಬಾಯಿ ಮುಚ್ಚಿಸಿದ್ದಕ್ಕೆ ನನಗೇನೂ ನಾಚಿಕೆಯಿಲ್ಲ. ಒಳಗೆ ಅಚ್ಚು ತೆರೆದ ಸಪ್ಪಳ ಕೇಳಿದ ಮೇಲೆ ಕೈ ತೆಗೆದೆ.

ಅವರು ಕೆನೆ ತುಂಬಿಸಿಕೊಂಡು ಒಂದನ್ನು ನಿಂತಲ್ಲೇ ಕಡಿದರು. ಗರಿಮುರಿ ಚೂರು ಮೀಸೆಯ ಮೇಲೆಲ್ಲ ಉದುರಿತು. ಇನ್ನೊಂದಕ್ಕೆ ಕೈಚಾಚಿದರು. ಅಮ್ಮನಿಗೆ ಇಷ್ಟು ಡಬ್ಬ ಸಾಲದು, ಮುಂದಿನ ವಾರವೂ ಬೇಕು ಎಂದು ಪಿಸುಗುಟ್ಟಿ, ಪಿಸುಮಾತಿನಲ್ಲೇ ಹೊರಟುಹೋದರು.

ಯಜಮಾನರು ತಟ್ಟೆಯಲ್ಲಿ ಉಳಿದ ಸುರುಳಿಗಳನ್ನು ಎತ್ತಿ ಎತ್ತಿ ನೋಡಿದರು. ಕಪ್ಪು ಎಲ್ಲಿಯೂ ಇರಲಿಲ್ಲ. ಅಕ್ಕ ಕೈ ಒರೆಸಿಕೊಂಡು ಬಂದು ತಾವಾಗಿಯೇ ಹೇಳಿದರು.

"ನಂಗೆ ವಾಸನೆ ಹೋಗಿದೆ ಕಣೋ. ಇನ್ನು ಬರದೇನೂ ಇರಬಹುದು. ಆದ್ರೆ ಅಚ್ಚು ಗುಜರಿಗೆ ಹೋಗಲ್ಲ."

ಯಜಮಾನರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಯಂತ್ರದ ಚಿತ್ರವನ್ನು ಮಡಿಸಿ ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಒತ್ತುಕೊಟ್ಟರು.

ಅಕ್ಕ ಮೈದಾ ಡಬ್ಬದ ಮೇಲೆ ಕುಳಿತು ಕಾಲು ಚಾಚಿದರು. ಫ್ಯಾನು ಹಾಕಿದೆ. ಇನ್ನು ಮಾತಾಡು, ಹೊಟ್ಟೆ ಉಬ್ಬಿ ಸತ್ತೀಯ ಎಂದರು. ಕಟ್ಟೆಯೊಡೆದ ಹಾಗೆ ಶುರು ಮಾಡಿದೆ. ಡಾಕ್ಟರ ಮೀಸೆ, ದರ್ಜಿಯ ಮುಖ, ಎಲ್ಲ ಹೇಳಿದೆ. ನಕ್ಕರು. ನಗು ನಿಂತ ಮೇಲೆ ತಟ್ಟೆಯಿಂದ ಒಂದು ಸುರುಳಿ ಎತ್ತಿ, ಮುರಿದು, ತಮ್ಮ ಮೂಗಿನ ಹತ್ತಿರ ಹಿಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ನನ್ನ ಕಡೆ ಚಾಚಿದರು.

"ಹೇಗಿದೆ ವಾಸನೆ? ಹೇಳು."

ಇಷ್ಟು ವರ್ಷ ಆ ವಾಸನೆಯಲ್ಲೇ ಎದ್ದು ಮಲಗಿದವಳು ನಾನು. ಸೀರೆಯಲ್ಲಿ, ದಿಂಬಿನಲ್ಲಿ ಎಲ್ಲ ಅದೇ ಇತ್ತು. ಒಂದು ದಿನವೂ ನಿಂತು ಮೂಸಿರಲಿಲ್ಲ. ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಮೊದಲು ಬೆಣ್ಣೆ ಬರುತ್ತೆ ಅಂದೆ, ತುಪ್ಪ ಆಗೋಕೆ ಇನ್ನೇನು ಸ್ವಲ್ಪ ಇರುವಾಗ ಬರುತ್ತಲ್ಲ, ಹಾಗೆ. ಆಮೇಲೆ ಸಕ್ಕರೆ, ಕೆಂಪಗಾಗಲೋ ಬೇಡವೋ ಅಂತ ಯೋಚಿಸುವ ಸಕ್ಕರೆ. ಅದರ ಹಿಂದೆ ಬಿಸಿ ಕಬ್ಬಿಣ. ಏಲಕ್ಕಿ ಇದೆ, ಆದರೆ ಎಲ್ಲೋ ಮೂಲೆಯಲ್ಲಿ, ಹುಡುಕಿದರೆ ಸಿಗುತ್ತೆ.

ಅಕ್ಕನೂ ಕಣ್ಣು ಮುಚ್ಚಿದ್ದರು. ಏಲಕ್ಕಿಯ ಮಾತು ಬಂದಾಗ ಹುಬ್ಬು ಗಂಟಿಕ್ಕಿತು.

"ಹುಡುಕೋ ಹಾಗಿರಬಾರ್ದು. ನಾಳೆ ಇನ್ನೊಂದು ಚಿಟಿಕೆ ಹಾಕೋಣ," ಅಂದರು. ಕಣ್ಣು ತೆರೆಯದೆಯೇ, "ಇನ್ನೊಂದು ಸಲ ಹೇಳೇ. ಬೆಣ್ಣೆಯಿಂದ," ಅಂದರು.

ನಾನು ಬೆಣ್ಣೆಯಿಂದ ಮತ್ತೆ ಶುರು ಮಾಡಿದೆ.