ಕದಡಿದ ನೀರಿನ ವರದಿ

"ಈ ಒಂದು ಸಾಲು ತೆಗೆದುಬಿಡಿ ಮೇಡಂ. ಮಿಕ್ಕಿದ್ದೆಲ್ಲ ಹಾಗೇ ಇರಲಿ," ಎಂದು ಹೊಸ ಅಧ್ಯಕ್ಷರು ವರದಿಯನ್ನು ಅವಳ ಕಡೆಗೆ ಸರಿಸಿದರು.

ಅಣೆಕಟ್ಟು ಸುರಕ್ಷತಾ ಮಂಡಳಿಗೆ ಅವರು ಬಂದು ಮೂರು ಗಂಟೆಯೂ ಆಗಿರಲಿಲ್ಲ. ಹಳೆಯ ಅಧ್ಯಕ್ಷರನ್ನು ಹಿಂದಿನ ಸಂಜೆ ಒಂದೇ ಸಾಲಿನ ಪತ್ರ ಕೊಟ್ಟು ಮನೆಗೆ ಕಳಿಸಿದ್ದರು. ಅವರ ಹೆಸರಿನ ಫಲಕ ಕಿತ್ತ ಗೋಡೆಯಲ್ಲಿ ಎರಡು ಮೊಳೆ ಮಾತ್ರ ಉಳಿದಿದ್ದವು.

ವರದಿ ಬರೆದವಳು ಇಪ್ಪತ್ತೊಂದು ವರ್ಷದಿಂದ ಕಟ್ಟೆಗಳ ತಪಾಸಣೆ ಮಾಡಿಕೊಂಡು ಬಂದ ಎಂಜಿನಿಯರು. ಮಣ್ಣಿನ ಕಟ್ಟೆ ಸ್ವಲ್ಪ ಜಿನುಗುವುದು ಸಹಜ. ಜಿನುಗಿದ ನೀರು ತಿಳಿಯಾಗಿದ್ದರೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಮೊನ್ನೆ ಕಟ್ಟೆಯ ಬುಡದಲ್ಲಿ ಅವಳು ಗಾಜಿನ ಶೀಸೆಯಲ್ಲಿ ಹಿಡಿದ ನೀರು ಕದಡಿತ್ತು. ಒಳಗಿನ ಮಣ್ಣೇ ಕೊಚ್ಚಿ ಬರುತ್ತಿತ್ತು. ‘ಜಲಾಶಯದ ಮಟ್ಟವನ್ನು ಕೂಡಲೇ ಆರು ಮೀಟರ್ ಇಳಿಸಬೇಕು’ ಎಂದು ಅವಳು ಬರೆದಿದ್ದಳು. ತೆಗೆಯಬೇಕಾದ ಸಾಲು ಅದು.

"ಸರ್, ಇಳಿಸಿ ಅನ್ನೋಕೆ ನಾವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಕಾನೂನೇ ಹಾಗಿದೆ."

"ಇತ್ತು." ಅವರು ಮೆಲ್ಲಗೆ ನಕ್ಕರು. "ನಿನ್ನೆಯಿಂದ ಮಂಡಳಿ ವಿದ್ಯುತ್ ಸಚಿವಾಲಯದ ಕೆಳಗೆ ಬಂದಿದೆ. ನೀರು ಇಳಿಸಿದ್ರೆ ಅರ್ಧ ದೇಶಕ್ಕೆ ಕರೆಂಟಿಲ್ಲ. ನಿಮ್ಮ ಒಂದು ಶೀಸೆ ನೀರಿಗೆ ಸಚಿವರು ಹೆದರಬೇಕಾ?"

"ಹೆದರಬೇಕು ಸರ್. ನಾನು ಹೆದರಿದ್ದೀನಿ."

"ಸಹಿ ಹಾಕ್ತೀರೋ ಇಲ್ವೋ?"

"ಇಲ್ಲ."

ಅವರು ಸಿಟ್ಟಾಗಲಿಲ್ಲ. ಗಂಟೆ ಒತ್ತಿ ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆಸಿದರು. ಹನ್ನೊಂದು ವರ್ಷ ಅವಳ ಜೊತೆ ಡಬ್ಬಿ ಹಂಚಿಕೊಂಡು ಉಂಡವನು ಬಾಗಿಲಲ್ಲಿ ಎದುರಾದಾಗ ತಲೆ ಎತ್ತಲಿಲ್ಲ. ಅವನ ಜೇಬಿನಿಂದ ಪೆನ್ನು ಆಗಲೇ ಹೊರಬಂದಿತ್ತು.

ಮೆಟ್ಟಿಲಿಳಿಯುತ್ತಲೇ ಅವಳು ಅಕ್ಕನಿಗೆ ಫೋನು ಹಚ್ಚಿದಳು. ಅಕ್ಕನ ಮನೆ ಕಟ್ಟೆಯ ಕೆಳಗಿನ ಊರಲ್ಲಿತ್ತು. ನೀರು ಬಂದರೆ ಅರ್ಧ ಗಂಟೆಯ ದಾರಿ.

"ಅಕ್ಕಾ, ಮಕ್ಕಳನ್ನ ಕರ್ಕೊಂಡು ಈಗಲೇ ಹೊರಟು ಬಾ. ಕಟ್ಟೆ ಸರಿಯಿಲ್ಲ."

"ಅಯ್ಯೋ, ಎದೆ ಒಡೆಸ್ತೀಯಲ್ಲೇ! ಕಟ್ಟೆ ಗಟ್ಟಿಯಾಗಿದೆ ಅಂತ ರೇಡಿಯೋದಲ್ಲಿ ಬಂತಲ್ಲ."

"ಯಾರು ಹೇಳಿದ್ದು?"

"ಇನ್ಯಾರು, ನಿಮ್ಮ ಮಂಡಳಿ! ಬೆಳಿಗ್ಗೆ ಎಂಟರ ವಾರ್ತೇಲೇ ಹೇಳಿದ್ರು."

ಅವಳು ಮೆಟ್ಟಿಲಿನ ಕಂಬಿ ಹಿಡಿದು ಅಲ್ಲೇ ನಿಂತಳು. ಎಂಟು ಗಂಟೆಗೆ ಅವಳ ವರದಿ ಇನ್ನೂ ಅವಳ ಚೀಲದಲ್ಲಿತ್ತು.

"ಸಚಿವರು ಹೇಳಿದ್ರೆ ನಾನೂ ನಂಬ್ತಿರಲಿಲ್ಲ," ಅಕ್ಕ ಮಾತು ಮುಂದುವರಿಸಿದಳು. "ಮಂಡಳಿಯೋರು ಯಾರ ಮುಲಾಜಿಗೂ ಬಗ್ಗೋರಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ. ನೀನು ನೀರು ಹಿಡ್ಕೊಂಡು ಹೋದದ್ದು ನೋಡಿ ಬೀದಿಯೋರೆಲ್ಲ ಗಂಟುಮೂಟೆ ಕಟ್ಟಿದ್ರು. ನಾನೇ ಮನೆಮನೆಗೂ ಹೋಗಿ ಧೈರ್ಯ ಹೇಳಿ ಬಂದೆ."

"ಅಕ್ಕಾ, ನನ್ನ ಮಾತು ಕೇಳು. ಆ ಮಂಡಳಿ ಈಗ..."

"ತಡಿಯೇ, ಪಕ್ಕದ ಮನೆಯವರು ಕರೀತಿದ್ದಾರೆ."

ಅಕ್ಕ ಫೋನನ್ನು ಎಲ್ಲೋ ಇಟ್ಟಳು. ಗಾಡಿಯಿಂದ ಟ್ರಂಕುಗಳನ್ನು ಇಳಿಸುವ ಸದ್ದು, ಅವನ್ನು ಹೊಸಿಲು ದಾಟಿಸಿ ಒಳಗೆ ಎಳೆಯುವ ಸದ್ದು ಒಂದೊಂದಾಗಿ ಕೇಳುತ್ತಿತ್ತು. ಯಾರೋ ನಗುತ್ತಿದ್ದರು.