ಬಲಗಡೆಯ ಪೆಟ್ಟಿಗೆ

"ಇನ್ನೊಂದು ಸಲ ಹಾಕಿ," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

ಮೆಕ್ಯಾನಿಕ್ ಗುಂಡಿ ಒತ್ತಿದ. ತಗಡಿನ ಮೇಲೆ ಸಣ್ಣ ಮರಳು ಸುರಿದಂಥ ಸದ್ದು ಎಡಗಡೆಯ ಸ್ಪೀಕರಿನಲ್ಲಿ ಹುಟ್ಟಿತು, ನಡುವಿನದಕ್ಕೆ ದಾಟಿತು, ಬಲಗಡೆಯದಕ್ಕೆ ಬಂದು ನಿಂತಿತು. ಬಂದದ್ದೇ ಮಂಕಾಯಿತು. ಅದೇ ಮರಳನ್ನು ಯಾರೋ ಈಗ ಕಂಬಳಿಯ ಮೇಲೆ ಸುರಿಯುತ್ತಿದ್ದಾರೆ ಅನ್ನುವ ಹಾಗೆ.

"ಬಲಗಡೆದು ಸರಿಯಿಲ್ಲ," ಎಂದು ಕಣ್ಣು ತೆರೆದಳು. "ಉಳಿದ ಎರಡರ ಜೊತೆ ಸೇರ್ತಾನೇ ಇಲ್ಲ ಅದು."

ಗೋಡೆಗೆ ಒರಗಿ ನಿಂತಿದ್ದ ಗಂಡ ಅಂಗಡಿಯ ಯಜಮಾನನ ಕಡೆ ತಿರುಗಿದ. "ನಾನು ಹೇಳ್ಲಿಲ್ವಾ? ಇವಳ ಕಿವಿ ಅಂದ್ರೆ ಕಿವಿ ಸ್ವಾಮಿ. ಪಕ್ಕದ ಮನೇಲಿ ಹಾಲು ಉಕ್ಕಿದ್ರೆ ನಮ್ಮನೇಲಿ ಇವಳು ಎದ್ದು ಓಡ್ತಾಳೆ."

"ಅಂಥವರು ಬರಬೇಕು ಸಾರ್. ಇಲ್ಲಾಂದ್ರೆ ಎಲ್ಲಾರೂ ಡಬ್ಬದ ಬಣ್ಣ ನೋಡಿ ಹೋಗೋರೇ," ಎಂದ ಯಜಮಾನ. ಆಮೇಲೆ ಮೆಕ್ಯಾನಿಕ್ಕನಿಗೆ, ಬೇರೆಯೇ ದನಿಯಲ್ಲಿ, "ಏನ್ರೀ ಇದು? ನೀವೇ ಹಾಕಿದ ಜೋಡಿ ಅಲ್ವೇನ್ರೀ?"

"ನಾನೇ ಹಾಕಿದ್ದು," ಎಂದ ಮೆಕ್ಯಾನಿಕ್. ಐವತ್ತೈದು ದಾಟಿದ, ಸಣಕಲು ಮನುಷ್ಯ. ಕನ್ನಡಕದ ಒಂದು ಕಡ್ಡಿಗೆ ಕಪ್ಪು ಟೇಪು ಸುತ್ತಿದ್ದ.

ಈ ಮೆಕ್ಯಾನಿಕ್ಕನಿಗಾಗಿಯೇ ಅವರು ಇಷ್ಟು ದೂರ ಈ ಅಂಗಡಿ ಹುಡುಕಿಕೊಂಡು ಬಂದದ್ದು. ಉಳಿದ ಕಡೆ ಕಂಪನಿಯಿಂದ ಬಂದ ಡಬ್ಬಗಳನ್ನು ಹಾಗೆಯೇ ಕೊಟ್ಟು ಕಳಿಸುತ್ತಾರೆ. ಇಲ್ಲಿ ಈತ ಒಂದೊಂದನ್ನೂ ಬಿಚ್ಚಿ, ನುಡಿಸಿ, ಯಾವುದರ ದನಿ ಯಾವುದಕ್ಕೆ ಹತ್ತಿರವೋ ಅದನ್ನು ಅದರ ಜೊತೆ ಸೇರಿಸಿ, ಎರಡರ ಬೆನ್ನ ಮೇಲೂ ಪೆನ್ಸಿಲಿನಲ್ಲಿ ಒಂದೇ ಗುರುತು ಹಾಕಿಡುತ್ತಾನೆ. "ಒಬ್ಬ ಮನುಷ್ಯ ಪರದೆಯ ಈ ತುದಿಯಿಂದ ಆ ತುದಿಗೆ ಮಾತಾಡ್ತಾ ನಡೆದ ಅಂದ್ಕೊಳ್ಳಿ," ಎಂದು ಬಂದ ಕೂಡಲೇ ಅವರಿಗೆ ವಿವರಿಸಿದ್ದ. "ದಾರೀಲಿ ಅವನ ಗಂಟಲು ಬದಲಾಗಬಾರದು. ಅಷ್ಟೇ ವಿಷಯ." ಹೇಳುವಾಗ ಪೆಟ್ಟಿಗೆಯ ಬೆನ್ನನ್ನು ಕರುವಿನ ಬೆನ್ನು ಸವರಿದ ಹಾಗೆ ಸವರಿದ್ದ.

ಮೂಲೆಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅತ್ತೆ, "ಏನಂತೆ?" ಎಂದರು.

"ಬಲಗಡೆದು ಸರಿಯಿಲ್ವಂತೆ ಅಮ್ಮಾ," ಎಂದು ಗಂಡ ಕೂಗಿ ಹೇಳಿದ.

"ನನಗಂತೂ ಮೂರೂ ಒಂದೇ ಥರ ಕೇಳ್ತಪ್ಪ. ಅಂದ್ರೆ ಒಂದೂ ಸರಿಯಾಗಿ ಕೇಳ್ಲಿಲ್ಲ!" ಅತ್ತೆ ತಮ್ಮ ಮಾತಿಗೆ ತಾವೇ ನಕ್ಕರು.

ಇದೆಲ್ಲ ಶುರುವಾದದ್ದೇ ಅವರಿಂದ. ಮನೆಯ ಹಳೆಯ ಸೆಟ್ಟಿನಲ್ಲಿ ಬಂದೂಕು ಕೇಳುತ್ತದೆ, ಬಾಗಿಲು ಬಡಿದದ್ದು ಕೇಳುತ್ತದೆ, ಮಾತು ಮಾತ್ರ ಕೇಳುವುದಿಲ್ಲ ಎಂದು ಅವರ ದೂರು. ಸಂಜೆ ಟೀವಿಯ ಮುಂದೆ ಪ್ರತಿ ಎರಡು ನಿಮಿಷಕ್ಕೊಮ್ಮೆ "ಏನಂದ? ಏನಂದ್ಲು?" ಎಂದು ಕೇಳುತ್ತಿದ್ದರು. ಅವಳು ಮೊದಲೆರಡು ಸಲ ಹೇಳುತ್ತಿದ್ದಳು. ಮೂರನೆಯ ಸಲ "ಏನಿಲ್ಲ ಬಿಡಿ" ಎಂದುಬಿಡುತ್ತಿದ್ದಳು. ಇವತ್ತು ಹೊರಡುವಾಗಲೂ, ಚಪ್ಪಲಿ ಹಾಕಿಕೊಳ್ಳುತ್ತ, "ಒಂದು ಮಾತನ್ನ ನಾಲ್ಕು ಸಲ ಹೇಳೋಕೆ ನಾನೇನು ಟೇಪ್ ರೆಕಾರ್ಡರಾ?" ಅಂದಿದ್ದಳು. ಅದೊಂದು ಮಾತ್ರ ಅತ್ತೆಗೆ ಸರಿಯಾಗಿ ಕೇಳಿಸಿತ್ತು.

ಹೊರಗೆ ಯಾರೋ ಗಿರಾಕಿ ಕರೆದರು. "ಅಮ್ಮಾವ್ರಿಗೆ ಸರಿ ಮಾಡಿ ಕೊಡ್ರೀ," ಎಂದು ಯಜಮಾನ ಹೊರಟ. ದೊಡ್ಡ ಟೀವಿಗಳನ್ನು ನೋಡುವ ಆಸೆಯಿಂದ ಗಂಡ ಹಿಂದೆಯೇ ಹೋದ. ಇಲ್ಲಿ ಉಸಿರು ಕಟ್ಟುತ್ತದೆ ಎಂದು ಅತ್ತೆಯೂ ಎದ್ದರು. ಗಾಜಿನ ದಪ್ಪ ಬಾಗಿಲು ಮುಚ್ಚಿಕೊಂಡಿತು. ಗೋಡೆಗೆಲ್ಲ ಬೂದು ಬಣ್ಣದ ಮೆತ್ತೆ ಹೊಡೆದ ಆ ಪುಟ್ಟ ಕೋಣೆಯಲ್ಲಿ ಅವಳೂ ಮೆಕ್ಯಾನಿಕ್ಕೂ ಉಳಿದರು.

ಅವನು ಎಡಬಲದ ಎರಡೂ ಪೆಟ್ಟಿಗೆಗಳನ್ನು ಎತ್ತಿ ಅದಲುಬದಲು ಮಾಡಿದ. "ಈಗ ಕೇಳಿ."

ಕೇಳಿದಳು. "ಈಗಲೂ ಬಲಗಡೆದೇ ಮಂಕು."

"ಈಗ ಬಲಗಡೆ ಇರೋದು ಆವಾಗ ಎಡಗಡೆ ಇದ್ದದ್ದು."

"ಹಾಗಾದ್ರೆ ವೈರಿನದ್ದೇ ಇರಬೇಕು."

ಅವನು ಮಂಡಿಯೂರಿ ವೈರು ಬದಲಾಯಿಸಿದ. ಮತ್ತೆ ಮರಳು ಸುರಿಯಿತು. ಮತ್ತೆ ಬಲಕ್ಕೆ ಬಂದು ಕಂಬಳಿಯ ಮೇಲೆ ಬಿತ್ತು. ಅವಳು ತಲೆಯಾಡಿಸಿದಳು. ಅವಳಿಗೆ ಕೊಂಚ ಖುಷಿಯೂ ಆಗುತ್ತಿತ್ತು. ವಿಚಾರಣೆಗಳ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಕೂತವಳು ಅವಳು. ನಾಲ್ಕು ಜನ ಒಟ್ಟಿಗೆ ಮಾತಾಡಿದರೂ ಯಾರು "ಹೌದು" ಅಂದರು, ಯಾರು ಬರೀ "ಹೂಂ" ಅಂದರು ಎಂದು ಬಿಡಿಸಿ ಬರೆಯುತ್ತಿದ್ದಳು. ಉಳಿದವರು ತಮಗೆ ಅರ್ಥವಾಗದ ತುಣುಕುಗಳನ್ನು ಅವಳ ಮೇಜಿಗೆ ತರುತ್ತಿದ್ದರು. ಅವಳು ಹೇಳಿದ್ದೇ ಕೊನೆ.

ಮೆಕ್ಯಾನಿಕ್ ಎದ್ದು ನಿಂತು ಒಂದು ಗಳಿಗೆ ಅವಳನ್ನೇ ನೋಡಿದ. "ಅಮ್ಮಾ, ಕುರ್ಚಿ ಹಿಂದುಮುಂದು ಮಾಡ್ತೀನಿ. ಸ್ವಲ್ಪ ಆ ಬಾಗಿಲಿನ ಕಡೆ ಮುಖ ಮಾಡಿ ಕೂತ್ಕೊಳ್ತೀರಾ?"

"ಸ್ಪೀಕರಿಗೆ ಬೆನ್ನು ಹಾಕಿ ಯಾರಾದ್ರೂ ಕೇಳ್ತಾರಾ?"

"ಒಂದೇ ಸಲ."

ಅವಳು ತಿರುಗಿ ಕೂತಳು. ಗಾಜಿನಾಚೆ ಗಂಡ ಒಂದು ಟೀವಿಯ ಅಂಚು ಮುಟ್ಟಿ ನೋಡುತ್ತಿದ್ದ. ಬೆನ್ನ ಹಿಂದೆ ಸದ್ದು ಹೊರಟಿತು. ಈಗಷ್ಟೇ ಮಂಕಾಗಿ ಕೇಳಿಸಿದ್ದ ಪೆಟ್ಟಿಗೆ ಈಗ ಅವಳ ಎಡಕ್ಕಿತ್ತು, ಮತ್ತು ಅದರಿಂದ ಒಂದೊಂದು ಮರಳ ಕಣವೂ ಬಿಡಿಬಿಡಿಯಾಗಿ, ಗರಿಗರಿಯಾಗಿ ಕೇಳಿಸಿತು. ಚೆನ್ನಾಗಿದ್ದ ಪೆಟ್ಟಿಗೆ ಈಗ ಬಲಕ್ಕಿತ್ತು. ಅದು ಕಂಬಳಿ ಹೊದ್ದುಕೊಂಡಿತ್ತು.

ಸದ್ದು ನಿಂತಿತು. ಅವಳು ಅಲ್ಲಾಡಲಿಲ್ಲ.

ಕಚೇರಿಯಲ್ಲಿ ಈ ವರ್ಷ ಎರಡು ಸಲ ಇಯರ್‌ಫೋನ್ ಬದಲಾಯಿಸಿದ್ದಳು. "ಬಲಭಾಗ ದುರ್ಬಲ" ಎಂದು ನೀಟಾಗಿ ದೂರು ಬರೆದುಕೊಟ್ಟಾಗ ಉಗ್ರಾಣದವನು, "ಹೊಸದೇ ಮೇಡಂ ಇದು" ಎಂದು ಮುಖ ನೋಡಿದ್ದ. ಯಾವಾಗಲೋ, ಏಕೆಂದು ಯೋಚಿಸದೆಯೇ, ಫೋನನ್ನು ಎಡಗೈಗೆ ದಾಟಿಸಿಕೊಂಡಿದ್ದಳು. ಸಭೆಗಳಲ್ಲಿ ಮೇಜಿನ ಬಲತುದಿಯ ಕುರ್ಚಿಯನ್ನೇ ಹಿಡಿಯುತ್ತಿದ್ದಳು. ಕಳೆದ ತಿಂಗಳು ಅವಳ ಪುಟದಲ್ಲಿ ಮೂರು ತಪ್ಪು ಸಿಕ್ಕಾಗ, ಧ್ವನಿಮುದ್ರಣವೇ ಸರಿಯಿಲ್ಲ ಎಂದು ಎಲ್ಲರೆದುರು ದನಿ ಎತ್ತರಿಸಿದ್ದಳು. ಎಲ್ಲರೂ ನಂಬಿದ್ದರು. ಅವಳ ಮಾತಲ್ಲವೇ.

ಮೆಕ್ಯಾನಿಕ್ ಸುತ್ತಿ ಬಂದು ಅವಳ ಮುಂದೆ ನಿಂತ. ಅಷ್ಟರಲ್ಲಿ ಬಾಗಿಲು ತೆರೆದು ಗಂಡ ತಲೆ ತೂರಿಸಿದ, ಹಿಂದೆ ಯಜಮಾನ.

"ಏನಾಯ್ತು? ಸಿಕ್ಕಿದ್ನಾ ಕಳ್ಳ?"

ಅವಳ ಬಾಯಿ ತಾನಾಗಿಯೇ ಮಾತಾಡಿತು. "ಒಂದು ಪೆಟ್ಟಿಗೆ ಸರಿಯಿಲ್ಲ. ಜೋಡಿ ಸೇರಿಲ್ಲ ಇದು."

ಮೆಕ್ಯಾನಿಕ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಮತ್ತೆ ಹಾಕಿಕೊಂಡ. ಅವಳು ಅವನ ಅಂಗಿಯ ಮೂರನೆಯ ಗುಂಡಿಯನ್ನು ನೋಡುತ್ತಿದ್ದಳು. ಬೇರೆಲ್ಲಿ ನೋಡುವುದಕ್ಕೂ ಧೈರ್ಯ ಸಾಲಲಿಲ್ಲ.

"ಹೌದು," ಎಂದ ಅವನು ಕೊನೆಗೆ. "ನನ್ನ ಕೈತಪ್ಪು."

ಪೆಟ್ಟಿಗೆಯನ್ನು ತಿರುಗಿಸಿ, ಬೆನ್ನ ಮೇಲಿದ್ದ ಪೆನ್ಸಿಲ್ ಗುರುತನ್ನು ಹೆಬ್ಬೆರಳಿನಿಂದ ತಿಕ್ಕಿ ಅಳಿಸಿದ. ಇನ್ನೊಂದರದ್ದನ್ನೂ ಅಳಿಸಿದ.

"ಕೈತಪ್ಪು ಅಂತೆ!" ಯಜಮಾನನ ಮುಖ ಕೆಂಪಗಾಯಿತು. "ಇಷ್ಟು ವರ್ಷ ಜೋಡಿ ಜೋಡಿ ಅಂತ ತಲೆ ತಿಂದ್ರಿ. ಬೋರ್ಡ್ ಬೇರೆ ಬರೆಸಿದ್ದೀನಿ ಅದಕ್ಕೆ. ಗಿರಾಕಿಗಳು ಬಂದು ತೋರಿಸಿಕೊಡಬೇಕಾ ನಮಗೆ? ನಾಳೆಯಿಂದ ಅದಕ್ಕೆ ಕೈ ಹಾಕಬೇಡಿ. ಲಾರಿ ಬಂದಾಗ ಲೆಕ್ಕ ನೋಡಿ ಇಳಿಸ್ಕೊಳ್ಳಿ, ಸಾಕು."

"ಹೋಗ್ಲಿ ಬಿಡಿ ಸಾರ್," ಎಂದು ಗಂಡ ದೊಡ್ಡ ಮನಸ್ಸು ಮಾಡಿದ. ದನಿ ತಗ್ಗಿಸಿದ್ದೇನೆ ಎಂದುಕೊಂಡು, "ವಯಸ್ಸಾದ ಮೇಲೆ ಕಿವಿ ಮಂದ ಆಗುತ್ತೆ, ಪಾಪ. ನಮ್ಮಮ್ಮನ್ನ ನೋಡ್ತಿಲ್ವಾ," ಎಂದೂ ಸೇರಿಸಿದ.

ಮೆಕ್ಯಾನಿಕ್ ಇನ್ನೊಂದು ಜೋಡಿ ತಂದಿಟ್ಟ. ಅವಳು ಮೊದಲಿನ ಜಾಗದಲ್ಲೇ ಕೂತು ಕಣ್ಣು ಮುಚ್ಚಿದಳು. ಸದ್ದು ಬಲಕ್ಕೆ ಬಂತು, ಮಂಕಾಯಿತು. "ಇದು ಸರಿಯಾಗಿದೆ," ಎಂದಳು.

ಗಂಡ ಚಪ್ಪಾಳೆ ತಟ್ಟಿದ.

ಕಾಗದಪತ್ರ ಬರೆಸಲು ಗಂಡ ಯಜಮಾನನ ಜೊತೆ ಕೌಂಟರಿಗೆ ಹೋದ. ಅವಳು ಅತ್ತೆಯ ಪಕ್ಕ ಸೋಫಾದಲ್ಲಿ ಕೂತಳು. ಎದುರಿನ ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಕಾರ್ಯಕ್ರಮ, ಒಬ್ಬಳೇ ಹೆಂಗಸು ಏನೋ ಜೋರಾಗಿ ಹೇಳುತ್ತಿದ್ದಳು.

"ನಿನಗೆ ಹುಷಾರಿಲ್ವೇನೇ?" ಎಂದರು ಅತ್ತೆ. "ಮುಖ ಹೀಗ್ಯಾಕೆ ಸುಣ್ಣ ಆಗಿದೆ?"

"ಏನಿಲ್ಲ," ಎಂದಳು. ಆಮೇಲೆ, ಅತ್ತೆಗೆ ಕೇಳಿಸಲಿಲ್ಲವೆಂದು ಕಂಡು, ಸುಮ್ಮನಾದಳು. ಸುಮ್ಮನಾದದ್ದಕ್ಕೂ ನಾಚಿಕೆಯಾಯಿತು. ಎದ್ದಳು.

ಅಂಗಡಿಯ ಹಿಂಭಾಗದಲ್ಲಿ ಉದ್ದದ ಮೇಜಿನ ಮೇಲೆ ಮೆಕ್ಯಾನಿಕ್ ಹೊಸ ಜೋಡಿಯನ್ನು ಡಬ್ಬಕ್ಕೆ ಇಳಿಸುತ್ತಿದ್ದ. ಮೂಲೆಗಳಿಗೆ ಥರ್ಮಾಕೋಲು ಸಿಕ್ಕಿಸಿ, ಅಲ್ಲಾಡುತ್ತದೆಯೇ ಎಂದು ನೋಡಿ, ಮತ್ತೆ ಸಿಕ್ಕಿಸುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಆ ಮೊದಲಿನ ಜೋಡಿ ಸರಿಯಾಗಿತ್ತು," ಎಂದಳು.

"ಗೊತ್ತಮ್ಮ."

"ಮತ್ತೆ ನೀವ್ಯಾಕೆ ನಿಮ್ಮ ತಪ್ಪು ಅಂದ್ರಿ?"

"ಇನ್ನೇನು ಅನ್ನಲಿ? ಅಷ್ಟು ಜನರೆದುರು ನಿಮ್ಮ ಕಿವಿ ಹಿಡಿದು ತೋರಿಸಲಾ?" ಅವನು ಟೇಪಿನ ತುದಿ ಹುಡುಕುತ್ತಿದ್ದ, ಉಗುರಿಗೆ ಸಿಗಲಿಲ್ಲ. "ಕನ್ನಡಕ ಒರೆಸೋ ನೆಪದಲ್ಲಿ ಸ್ವಲ್ಪ ಹೊತ್ತು ಕಾದೆ. ನೀವೇ ಹೇಳ್ತೀರೇನೋ ಅಂದ್ಕೊಂಡೆ."

ಬೈದಿದ್ದರೆ ಉತ್ತರ ಹುಡುಕಬಹುದಾಗಿತ್ತು. ಅವನು ಬೈಯಲಿಲ್ಲ. ಟೇಪಿನ ತುದಿ ಸಿಕ್ಕಿತು. ಚರ್ರೆಂದು ಎಳೆದು ಡಬ್ಬದ ಬಾಯಿಗೆ ಅಂಟಿಸಿದ. ಆ ಚರ್ರ್ ಸದ್ದಿನಲ್ಲಿ ಅರ್ಧ ಮಾತ್ರ ತನಗೆ ಕೇಳಿಸುತ್ತಿದೆ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

"ನಿಮ್ಮನ್ನ ನಿಜವಾಗ್ಲೂ ಲಾರಿ ಕೆಲಸಕ್ಕೆ ಹಾಕ್ತಾರಾ?"

"ಅವರು ಹೇಳಿದ್ದು ಮಾಡೋರೇ." ಅವನು ಡಬ್ಬವನ್ನು ಮಗುಚಿ ಇನ್ನೊಂದು ಬದಿಗೆ ಟೇಪು ಹಚ್ಚಿದ. "ಹೋಗಿ ಅಮ್ಮ, ನಿಮ್ಮೋರು ಕಾಯ್ತಿರ್ತಾರೆ."

ಮೇಜಿನಿಂದ ಕೌಂಟರಿಗೆ ಇಪ್ಪತ್ತು ಹೆಜ್ಜೆ ಇದ್ದೀತು. ನಡುವೆ ಒಂದು ಫ್ರಿಜ್ಜಿನ ಬಾಗಿಲು ತೆರೆದು ನೋಡುತ್ತಿದ್ದ ದಂಪತಿ, ಏಣಿಯ ಮೇಲೆ ನಿಂತು ಬಲ್ಬು ಹಾಕುತ್ತಿದ್ದ ಹುಡುಗಿ, ಕ್ಯಾಟಲಾಗು ಮಗುಚುತ್ತಿದ್ದ ಇಬ್ಬರು. ಒಂದು ಚೀಟಿಯಲ್ಲಿ ಬರೆದು ಯಜಮಾನನ ಕೈಗೆ ಕೊಟ್ಟುಬಿಡಲೇ ಎಂದುಕೊಂಡಳು. ವಾಕ್ಯವೂ ಸಿದ್ಧವಾಯಿತು; ಒಳ್ಳೆಯ ವಾಕ್ಯವೇ. ಅದನ್ನು ಒಳಗೇ ಎರಡು ಸಲ ತಿದ್ದಿದಳು ಕೂಡ. ಅಷ್ಟರಲ್ಲಿ ಕೌಂಟರ್ ಬಂದುಬಿಟ್ಟಿತ್ತು.

"ನಮಗೆ ಮೊದಲಿನ ಜೋಡಿಯೇ ಬೇಕು," ಎಂದಳು.

ಯಜಮಾನ ಪೆನ್ನು ಎತ್ತಿ ಹಿಡಿದ. "ಯಾವುದು ಮೇಡಂ?"

"ನಾನು ಕೆಟ್ಟಿದೆ ಅಂದೆನಲ್ಲ, ಅದೇ. ಅದು ಕೆಟ್ಟಿಲ್ಲ."

"ಏನೇ ನಿಂದು?" ಗಂಡ ನಕ್ಕ. "ಆಗ ಕೆಟ್ಟಿದೆ, ಈಗ ಕೆಟ್ಟಿಲ್ಲ. ಇವರು ನಮ್ಮನ್ನ ಏನಂದ್ಕೋಬೇಕು?"

"ಅವರು ಹಾಕಿದ ಜೋಡಿ ಸರಿಯಾಗೇ ಇತ್ತು. ಅವರನ್ನ ಆ ಕೆಲಸದಿಂದ ತೆಗೀಬೇಡಿ." ಟೀವಿಗಳ ಗದ್ದಲದಲ್ಲಿ ತನ್ನ ದನಿ ಎಷ್ಟು ದೊಡ್ಡದಿದೆ ಎಂದೇ ಅವಳಿಗೆ ತಿಳಿಯಲಿಲ್ಲ. "ನನ್ನ ಬಲಗಿವಿ ಕೇಳಿಸ್ತಿಲ್ಲ. ಅಲ್ಲೇ, ಆ ಕುರ್ಚೀಲಿ ಕೂತಾಗ್ಲೇ ಗೊತ್ತಾಗಿತ್ತು ನನಗೆ. ಗೊತ್ತಾದ ಮೇಲೂ ಸುಳ್ಳು ಹೇಳಿದೆ."

ಗಂಡನ ನಗು ಮುಖದ ಮೇಲೆ ಹಾಗೆಯೇ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ಅವನಿಗೆ ತೋಚಿದಂತಿರಲಿಲ್ಲ. ಯಜಮಾನ ಅವಳನ್ನು ನೋಡಿದ, ಹಿಂದಿನ ಮೇಜಿನ ಕಡೆ ನೋಡಿದ, ಪೆನ್ನಿನ ಮುಚ್ಚಳ ಹಾಕಿದ. ಫ್ರಿಜ್ಜಿನ ದಂಪತಿ ಬಾಗಿಲು ಮುಚ್ಚುವುದನ್ನೂ ಮರೆತು ಇತ್ತಲೇ ನೋಡುತ್ತಿದ್ದರು.

ಸೋಫಾದಿಂದ ಎದ್ದು ಬಂದ ಅತ್ತೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. "ಏನಂತೆ? ಏನಂದ್ಲು ಇವಳು?" ಎಂದು ಮಗನನ್ನು ಕೇಳಿದರು. ಅವನು ಕೌಂಟರಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದ. ಅತ್ತೆ ಅವಳ ಕಡೆಯೇ ತಿರುಗಿ, ತಮ್ಮ ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದರು. "ಈ ಗಲಾಟೇಲಿ ಒಂದೂ ಕೇಳ್ಸೋದಿಲ್ಲ ಕಣಮ್ಮ. ಸ್ವಲ್ಪ ಜೋರಾಗಿ ಹೇಳು."

ಯಜಮಾನ, ವಯಸ್ಸಾದವರಿಗೆ ಅನುಕೂಲವಾಗಲಿ ಎಂದೇ ಇರಬೇಕು, ಕೌಂಟರಿನ ಮೇಲಿದ್ದ ರಿಮೋಟ್ ಎತ್ತಿಕೊಂಡು ಗೋಡೆಯ ಕಡೆ ಹಿಡಿದ. ಅಷ್ಟೂ ಟೀವಿಗಳು ಒಟ್ಟಿಗೇ ಮೂಕವಾದವು. ಸಾಲುಸಾಲು ಪರದೆಗಳಲ್ಲಿ ಆ ಹೆಂಗಸು ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಏಣಿಯ ಮೇಲಿನ ಹುಡುಗಿ ಬಲ್ಬನ್ನು ಕೈಯಲ್ಲೇ ಹಿಡಿದು ನಿಂತಳು. ಹಿಂದಿನ ಮೇಜಿನಲ್ಲಿ ಟೇಪು ಎಳೆಯುವ ಸದ್ದೂ ನಿಂತಿತು.

ಅವಳು ಉಸಿರು ತೆಗೆದುಕೊಂಡಳು.